ತಾತನ ಬಾಯ್ಲರ್ ನೋಟ್‌ಬುಕ್: ಬಿ.ಟಿಎಚ್.ಯು., ಸಿ.ಎಚ್.ಯು. ಲೆಕ್ಕಗಳನ್ನು ಕಿಲೋಜೌಲ್‌ಗೆ ತರುವುದು ಹೇಗೆ?

ಬಾಯ್ಲರ್_ಮೊಮ್ಮಗ:
ಎಲ್ಲರಿಗೂ ನಮಸ್ಕಾರ. ನಮ್ಮ ತಾತ ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ಹೌಸ್‌ನಲ್ಲಿ ಕೆಲಸಕ್ಕಿದ್ದವರು. ಅವರ 1950ರ ದಶಕದ ನೋಟ್‌ಬುಕ್‌ಗಳು ಅಟ್ಟದ ಮೇಲೆ ಸಿಕ್ಕವು. ಗೆದ್ದಲು ತಿನ್ನುವ ಮುಂಚೆ ಟೈಪ್ ಮಾಡಿಡೋಣ, ಪಕ್ಕದಲ್ಲಿ ಈಗಿನ ಯೂನಿಟ್‌ನಲ್ಲೂ ಬರೆಯೋಣ ಅಂತ ಕೂತಿದ್ದೇನೆ. ನಾನು ಓದಿದ್ದು ಕಾಮರ್ಸ್. ಅಕ್ಕಪಕ್ಕದ ಪುಟಗಳಲ್ಲೇ ಇಷ್ಟೆಲ್ಲ ಇದೆ:

ಕಲ್ಲಿದ್ದಲು, ಪೌಂಡಿಗೆ 11,500 ಬಿ.ಟಿಎಚ್.ಯು.
ಉಗಿಯ ಲೇಟೆಂಟ್ ಹೀಟ್ 539 ಸಿ.ಎಚ್.ಯು. (ಬೇರೆ ಕಡೆ 966, ಇನ್ನೊಂದು ಕಡೆ 970)
ಇವ್ಯಾಪರೇಶನ್ 7.2 ಪೌಂಡ್, ‘ಫ್ರಮ್ ಅಂಡ್ ಅಟ್ 212’
ಪಂಪ್ ಹೌಸ್, ದಿನಕ್ಕೆ 140 ಬಿ.ಟಿ.ಯು.
ಜೆ = 1400 (ಮುಂದೆ 778, ಕೊನೆಯ ಪುಟದಲ್ಲಿ 427)

ಯಾವುದನ್ನು ಎಷ್ಟರಿಂದ ಗುಣಿಸಬೇಕು ಅಂತ ಒಂದು ಪಟ್ಟಿ ಕೊಟ್ಟರೆ ಸಾಕು. ಉಳಿದದ್ದು ಎಕ್ಸೆಲ್ ನೋಡಿಕೊಳ್ಳುತ್ತದೆ.

ಸುಮ್ನೆ_ಓದುಗ:
ಗೂಗಲ್‌ಗೆ ಹಾಕಿದರೆ ಒಂದು ಸೆಕೆಂಡಿನ ಕೆಲಸ ಅಲ್ವಾ? ಬಿಟಿಯು ಅಂತ ಹೊಡೆಯಿರಿ, 1055.06 ಜೌಲ್ ಅಂತ ಬರುತ್ತದೆ. ಮುಗೀತು.

ಕುಲುಮೆ:
ಅಷ್ಟು ಬೇಗ ಮುಗಿಯಲ್ಲ. ಅವರ ಪುಟದಲ್ಲಿ ‘ಬಿ.ಟಿಎಚ್.ಯು.’ ಅಂತಲೂ ಇದೆ, ‘ಬಿ.ಟಿ.ಯು.’ ಅಂತಲೂ ಇದೆ, ನೋಡಿದಿರಾ? ಅದಕ್ಕೆ ಆಮೇಲೆ ಬರೋಣ. ನಾನು ಪಾಲಿಟೆಕ್ನಿಕ್‌ನಲ್ಲಿ ಥರ್ಮಲ್ ಪಾಠ ಮಾಡಿದವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬೇಜಾರಾಗಬೇಡಿ.

ಈ ಯೂನಿಟ್‌ಗಳೆಲ್ಲ ನೀರಿನಿಂದಲೇ ಹುಟ್ಟಿದವು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಶಾಖ ಬಿ.ಟಿಎಚ್.ಯು., ಅಂದರೆ ಬ್ರಿಟಿಷ್ ಥರ್ಮಲ್ ಯೂನಿಟ್. ಅದೇ ಪೌಂಡ್ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡ್ ಬಿಸಿ ಮಾಡಿದರೆ ಸಿ.ಎಚ್.ಯು., ಅಂದರೆ ಸೆಂಟಿಗ್ರೇಡ್ ಹೀಟ್ ಯೂನಿಟ್. ಪೌಂಡಿನ ಬದಲು ಕಿಲೋ ತಗೊಂಡರೆ ಕಿಲೋಕ್ಯಾಲೊರಿ. ಸೆಂಟಿಗ್ರೇಡಿನ ಒಂದು ಡಿಗ್ರಿ ಅಂದರೆ ಫ್ಯಾರನ್‌ಹೀಟಿನ 1.8 ಡಿಗ್ರಿ. ಆದ್ದರಿಂದ 1 ಸಿ.ಎಚ್.ಯು. = 1.8 ಬಿ.ಟಿಎಚ್.ಯು.

ಲೇಟೆಂಟ್ ಹೀಟ್ ಅಂದರೆ ಕುದಿಯುವ ನೀರನ್ನು ಉಗಿ ಮಾಡಲು ಬೇಕಾದ ಶಾಖ. ಈಗ ಮಜಾ ನೋಡಿ. ತಾತ ಬರೆದದ್ದು ಬರೀ ಸಿ.ಎಚ್.ಯು. ಅಲ್ಲ, ಪೌಂಡಿಗೆ ಇಷ್ಟು ಸಿ.ಎಚ್.ಯು. ಅಂತ. ಯೂನಿಟ್ಟಿನ ಒಳಗೂ ಪೌಂಡ್, ಕೆಳಗೂ ಪೌಂಡ್. ಎರಡೂ ಹೊಡೆದು ಹೋಗುತ್ತವೆ. ಹಾಗಾಗಿ ಪೌಂಡಿಗೆ 539 ಸಿ.ಎಚ್.ಯು. ಅಂದರೆ ಕಿಲೋಗೆ 539 ಕಿಲೋಕ್ಯಾಲೊರಿ. ಅಂಕಿಯನ್ನು ಮುಟ್ಟುವ ಹಾಗೇ ಇಲ್ಲ. ಅದನ್ನು 4.1868ರಿಂದ ಗುಣಿಸಿದರೆ ಕಿಲೋಗೆ 2,257 ಕಿಲೋಜೌಲ್. ಇವತ್ತಿನ ಸ್ಟೀಮ್ ಟೇಬಲ್ (ಉಗಿಯ ಅಂಕಿಗಳ ಪಟ್ಟಿ) ತೆಗೆದು 100 ಡಿಗ್ರಿಯ ಸಾಲು ನೋಡಿ, ಅದೇ ಇದೆ.

ಪೌಂಡಿಗೆ ಇಷ್ಟು ಬಿ.ಟಿಎಚ್.ಯು. ಅಂತಿದ್ದರೆ 2.326ರಿಂದ ಗುಣಿಸಿ, ಕಿಲೋಗೆ ಇಷ್ಟು ಕಿಲೋಜೌಲ್ ಬರುತ್ತದೆ. 4.1868ನ್ನು 1.8ರಿಂದ ಭಾಗಿಸಿದರೆ ಸಿಗುವುದೇ ಈ 2.326. ನಿಮ್ಮ ಕಲ್ಲಿದ್ದಲು 11,500 × 2.326 = 26,749. ಆದರೆ 26,749 ಅಂತ ಬರೆಯಬೇಡಿ. ತಾತನ ಅಂಕಿ ನೂರರ ಮಟ್ಟಕ್ಕೆ ದುಂಡಾಗಿದೆ. ನೀವೂ 26,700 ಅಂತ ಬರೆದರೆ ಅವರ ಅಳತೆಗೆ ಮರ್ಯಾದೆ.

970 ಅನ್ನುವುದು 539 × 1.8, ಎರಡೂ ಒಂದೇ. 966 ಅದಕ್ಕಿಂತ ಹಳೆಯದು, ಫ್ರಾನ್ಸಿನ ರೆನ್ಯೋ 1840ರ ದಶಕದಲ್ಲಿ ಅಳೆದ ಬೆಲೆಯಿಂದ ಬಂದದ್ದು. ಇಂಗ್ಲಿಷ್ ಕೈಪಿಡಿಗಳಲ್ಲಿ ಬಹಳ ಕಾಲ ಉಳಿದಿತ್ತು. ಅದನ್ನು ತಪ್ಪು ಅಂತ ತಿದ್ದಲು ಹೋಗಬೇಡಿ. ಆ ಪುಟದ ಲೆಕ್ಕವೆಲ್ಲ 966ರ ಮೇಲೆ ನಿಂತಿದ್ದರೆ, ನೀವು 970 ಹಾಕಿದ ಕೂಡಲೇ ಕೆಳಗಿನ ಮೊತ್ತ ತಾಳೆ ಆಗುವುದಿಲ್ಲ. ಇದ್ದ ಹಾಗೇ ಇಟ್ಟು ಪಕ್ಕದಲ್ಲಿ ಒಂದು ಟಿಪ್ಪಣಿ ಹಾಕಿ.

ಬಾಯ್ಲರ್_ಮೊಮ್ಮಗ:
ಮೇಷ್ಟ್ರೇ, ಬಹಳ ಚೆನ್ನಾಗಿ ಹೇಳಿದ್ರಿ. 7.2 ಪೌಂಡ್ ಅನ್ನುವುದನ್ನು ಏನು ಮಾಡಲಿ? 212 ಅಂದರೆ ಫ್ಯಾರನ್‌ಹೀಟಿನಲ್ಲಿ ನೀರು ಕುದಿಯುವ ಬಿಂದು ಅಂತ ಗೊತ್ತು. ಅಷ್ಟೇ ಗೊತ್ತು.

ಕುಲುಮೆ:
ಒಂದು ಪೌಂಡ್ ಕಲ್ಲಿದ್ದಲು ಸುಟ್ಟರೆ 7.2 ಪೌಂಡ್ ನೀರು ಉಗಿಯಾಯಿತು ಅಂತ ಅರ್ಥ. ಒಂದು ಬಾಯ್ಲರ್‌ಗೆ ತಣ್ಣೀರು ಹೋಗುತ್ತದೆ, ಇನ್ನೊಂದಕ್ಕೆ ಬಿಸಿ ನೀರು. ಒತ್ತಡವೂ ಬೇರೆ ಬೇರೆ. ಹಾಗಿದ್ದಾಗ ಹೋಲಿಸುವುದು ಹೇಗೆ? ಅದಕ್ಕೇ ಎಲ್ಲವನ್ನೂ ‘212 ಡಿಗ್ರಿಯ ನೀರು 212 ಡಿಗ್ರಿಯಲ್ಲೇ ಉಗಿಯಾದರೆ’ ಅನ್ನುವ ಲೆಕ್ಕಕ್ಕೆ ಇಳಿಸುತ್ತಿದ್ದರು. ಪೌಂಡಿಗೆ ಪೌಂಡ್ ಆದ್ದರಿಂದ ಕಿಲೋಗೆ ಕಿಲೋ ಕೂಡ 7.2 ತಾನೇ. ಬದಲಿಸಬೇಡಿ.

ಇದರಿಂದ ಬಾಯ್ಲರ್ ದಕ್ಷತೆಯೂ ಸಿಗುತ್ತದೆ. 7.2 × 970 = 6,984. ಅದನ್ನು 11,500ರಿಂದ ಭಾಗಿಸಿದರೆ ಸುಮಾರು 61%. ಪಕ್ಕದ ಪುಟದಲ್ಲಿ ಈ ಅಂಕಿ ಎಲ್ಲಾದರೂ ಇದೆಯಾ ನೋಡಿ.

ಬಾಯ್ಲರ್_ಮೊಮ್ಮಗ:
ಇದೆ! ‘0.607’ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಯೂನಿಟ್ ಬರೆದಿಲ್ಲವಲ್ಲ ಅಂತ ಎರಡು ದಿನದಿಂದ ತಲೆ ಕೆಡಿಸಿಕೊಂಡಿದ್ದೆ.

ಮೀಟರ್_ರೀಡಿಂಗ್:
ಪಂಪ್ ಹೌಸಿನ ‘140 ಬಿ.ಟಿ.ಯು.’ ಬಗ್ಗೆ ನಾನು ಹೇಳುತ್ತೇನೆ. ಅದು ಶಾಖದ ಲೆಕ್ಕವೇ ಅಲ್ಲ. ಬೋರ್ಡ್ ಆಫ್ ಟ್ರೇಡ್ ಯೂನಿಟ್. ಬ್ರಿಟನ್ನಿನ ಬೋರ್ಡ್ ಆಫ್ ಟ್ರೇಡ್ ವಿದ್ಯುತ್ ಮಾರಾಟಕ್ಕೆ ಗೊತ್ತುಮಾಡಿದ ಅಳತೆ, ಅಂದರೆ 1 ಕಿಲೋವಾಟ್ ಅವರ್. ಇವತ್ತಿಗೂ ಕರೆಂಟ್ ಬಿಲ್ಲಿನಲ್ಲಿ ‘ಇಷ್ಟು ಯೂನಿಟ್’ ಅಂತ ನಾವು ಹೇಳುವುದು ಅದನ್ನೇ. ಎರಡೂ ಗೊಂದಲ ಆಗಬಾರದು ಅಂತಲೇ ಶಾಖದ್ದನ್ನು ಬಿ.ಟಿಎಚ್.ಯು. ಅಂತ ಬರೆಯುತ್ತಿದ್ದರು.

ಗೂಗಲ್ ಮಾತು ಕೇಳಿ 140ನ್ನು 1055ರಿಂದ ಗುಣಿಸಿದ್ದರೆ 148 ಕಿಲೋಜೌಲ್ ಆಗುತ್ತಿತ್ತು. ಅರ್ಧ ಲೀಟರ್ ನೀರು ಕುದಿಯಲೂ ಅದು ಸಾಲದು. ಕಾರ್ಖಾನೆಯ ಪಂಪ್ ಇಡೀ ದಿನ ಅಷ್ಟರಲ್ಲಿ ಓಡುತ್ತದಾ? ನಿಜವಾದ ಲೆಕ್ಕ 140 ಕಿಲೋವಾಟ್ ಅವರ್, ಅಂದರೆ 504 ಮೆಗಾಜೌಲ್. ಎರಡಕ್ಕೂ 3,412 ಪಟ್ಟು ವ್ಯತ್ಯಾಸ.

ಸುಮ್ನೆ_ಓದುಗ:
ಅಬ್ಬಾ. ಸರಿ, ನಾನು ಸುಮ್ಮನಾದೆ. ಒಂದು ಸಣ್ಣ ಪ್ರಶ್ನೆ, ಹಾಗಾದ್ರೆ ನಮ್ಮ ಮನೆ ಗ್ಯಾಸ್ ಸಿಲಿಂಡರ್‌ನಲ್ಲಿ ಎಷ್ಟು ಯೂನಿಟ್ ಇರುತ್ತದೆ?

ಮೀಟರ್_ರೀಡಿಂಗ್:
14.2 ಕಿಲೋ ಸಿಲಿಂಡರ್, ಕಿಲೋಗೆ ಸುಮಾರು 46 ಮೆಗಾಜೌಲ್ ಹಿಡಿಯಿರಿ. 650 ಮೆಗಾಜೌಲ್ ಆಯಿತು. 3.6ರಿಂದ ಭಾಗಿಸಿದರೆ ಸುಮಾರು 180 ಯೂನಿಟ್. ಒಲೆಯಲ್ಲಿ ಪಾತ್ರೆಯ ಪಕ್ಕಕ್ಕೆ ಹೋಗುವ ಶಾಖ ಕಳೆಯಬೇಕು, ಅದು ಬೇರೆ ಮಾತು.

ಶರಾವತಿ_ದಂಡೆ:
ಯಾರೂ ಜೆ ಬಗ್ಗೆ ಮಾತಾಡಲಿಲ್ಲ. ನನಗೆ ಈ ಪುಟದಲ್ಲಿ ಇಷ್ಟವಾದದ್ದೇ ಆ ಮೂರು ಅಂಕಿ. 778, 1400, 427 ನೋಡಲು ಬೇರೆ ಬೇರೆ, ಆದರೆ ಮೂರೂ ಒಂದೇ ಎತ್ತರ.

ಎತ್ತರ ಅಂತ ಯಾಕೆ ಅಂದೆ? ಜೆ ಅಂದರೆ ಶಾಖಕ್ಕೆ ಸಮನಾದ ಕೆಲಸ. ಒಂದು ಪೌಂಡ್ ನೀರನ್ನು 1 ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡುವ ಶಾಖ 778 ಫುಟ್-ಪೌಂಡ್ ಕೆಲಸಕ್ಕೆ ಸಮ. ಇಲ್ಲೂ ಪೌಂಡ್ ಹೊಡೆದು ಹೋದರೆ ಉಳಿಯುವುದು 778 ಅಡಿ. ಅಂದರೆ ನೀರು 778 ಅಡಿ ಮೇಲಿಂದ ಬಿದ್ದು, ಆ ಶಕ್ತಿಯೆಲ್ಲ ನೀರಿನೊಳಗೇ ಶಾಖವಾದರೆ 1 ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ. 1 ಡಿಗ್ರಿ ಸೆಂಟಿಗ್ರೇಡ್ ಏರಬೇಕಾದರೆ 1.8 ಪಟ್ಟು ಮೇಲಿಂದ ಬೀಳಬೇಕು, ಅದು 1400 ಅಡಿ. 1400 ಅಡಿಯನ್ನು ಮೀಟರ್ ಮಾಡಿ, 427. ತಾತ ಮೂರೂ ಬರೆದಿದ್ದು ಮೂರು ಥರದ ಪುಸ್ತಕ ನೋಡಿಯೇ ಇರಬೇಕು.

ಈಗ ಜೋಗಕ್ಕೆ ಬನ್ನಿ. ರಾಜಾ ಬೀಳುವುದು 253 ಮೀಟರ್, ಅಂದರೆ 830 ಅಡಿ. 253ನ್ನು 427ರಿಂದ ಭಾಗಿಸಿ. 0.59 ಡಿಗ್ರಿ ಸೆಲ್ಸಿಯಸ್. ಫ್ಯಾರನ್‌ಹೀಟಿನಲ್ಲಿ ಒಂದು ಡಿಗ್ರಿಗಿಂತ ಕೂದಲೆಳೆ ಜಾಸ್ತಿ. ಬಿ.ಟಿಎಚ್.ಯು. ಅನ್ನುವ ಯೂನಿಟ್ಟನ್ನು ಕಣ್ಣಾರೆ ನೋಡಬೇಕಿದ್ದರೆ ಮಳೆಗಾಲದಲ್ಲಿ ಜೋಗಕ್ಕೆ ಹೋಗಿ. ಬೀಳುವ ಪ್ರತಿ ಪೌಂಡ್ ನೀರಿನಲ್ಲೂ ಹೆಚ್ಚುಕಡಿಮೆ ಒಂದೊಂದು ಬಿ.ಟಿಎಚ್.ಯು. ಇದೆ.

ಅರ್ಧ_ಡಿಗ್ರಿ:
ಕಾಗದದ ಮೇಲೆ ಸರಿ ಸಾರ್. ನಿಜವಾಗಿ ಥರ್ಮಾಮೀಟರ್ ಹಿಡಿದರೆ ಅಷ್ಟು ಬರುವುದಿಲ್ಲ. ರಾಜಾದ ನೀರು ಕೆಳಗೆ ಬರುವಷ್ಟರಲ್ಲಿ ಅರ್ಧ ತುಂತುರಾಗಿರುತ್ತದೆ. ತುಂತುರು ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ. ಕಿಲೋಗೆ ಬೀಳುವ ಶಕ್ತಿ ಬರೀ 2.5 ಕಿಲೋಜೌಲ್, ಆವಿಯಾಗಲು ಬೇಕಾದದ್ದು 2,400ರ ಮೇಲೆ. ಅಂದರೆ ಸಾವಿರ ಭಾಗದಲ್ಲಿ ಒಂದು ಭಾಗ ನೀರು ಆವಿಯಾದರೂ ಸಾಕು, ಬಂದ ಬಿಸಿ ಅಷ್ಟೂ ಹೋಯಿತು.

ಶರಾವತಿ_ದಂಡೆ:
ಒಪ್ಪಿದೆ. ಆ ತೊಂದರೆ ಯೂನಿಟ್ಟಿಗೆ ತನ್ನ ಹೆಸರು ಕೊಟ್ಟ ವಿಜ್ಞಾನಿ ಜೌಲ್‌ಗೂ ಇತ್ತು. ನಯಾಗರದ 160 ಅಡಿಗೆ ನೀರು ಡಿಗ್ರಿಯ ಐದನೇ ಒಂದು ಭಾಗ ಬಿಸಿಯಾಗಬೇಕು ಅಂತ 1845ರಲ್ಲೇ ಬರೆದಿದ್ದ. ಅದು ಫ್ಯಾರನ್‌ಹೀಟ್ ಡಿಗ್ರಿ. 1847ರಲ್ಲಿ ಮದುವೆಯಾದ ಹೊಸದರಲ್ಲಿ ಆಲ್ಪ್ಸ್‌ನಲ್ಲಿ ಉದ್ದನೆಯ ಥರ್ಮಾಮೀಟರ್ ಹಿಡಿದು ಜಲಪಾತ ಅಳೆಯಲು ಹೊರಟಿದ್ದ, ಹೆಂಡತಿ ಹಿಂದೆ ಗಾಡಿಯಲ್ಲಿ ಬರುತ್ತಿದ್ದಳು ಅಂತ ಕೆಲ್ವಿನ್ ಹೇಳಿದ ಕಥೆಯೂ ಇದೆ. ಇತಿಹಾಸ ಬರೆಯುವವರು ಅದನ್ನು ಪೂರ್ತಿ ನಂಬುವುದಿಲ್ಲ. ನನಗಂತೂ ನಂಬುವ ಆಸೆ.

ಅವನಿಗೆ ನಿಜವಾದ ಉತ್ತರ ಸಿಕ್ಕಿದ್ದು ಜಲಪಾತದಲ್ಲಲ್ಲ, ಪಾತ್ರೆಯೊಳಗೆ. ತೂಕದ ಬಟ್ಟು ಕೆಳಗಿಳಿಯುವಾಗ ದಾರ ಎಳೆದು ನೀರಿನೊಳಗಿನ ರೆಕ್ಕೆಗಳನ್ನು ತಿರುಗಿಸುತ್ತದೆ, ನೀರು ಕಲಕಿ ಬಿಸಿಯಾಗುತ್ತದೆ. 1843ರಲ್ಲಿ ಬೇರೆ ವಿಧಾನದಲ್ಲಿ ಜೆ 838 ಬಂದಿತ್ತು. 1850ರ ಪ್ರಬಂಧದಲ್ಲಿ 772ಕ್ಕೆ ಬಂದು ನಿಂತ. 1878ರಲ್ಲಿ ಮತ್ತೆ ಅಳೆದು 772.55 ಅಂದ. ಅವನ ಸಮಾಧಿಯ ಕಲ್ಲಿನ ಮೇಲೆ ಆ 772.55 ಕೆತ್ತಿದೆ. ಈಗಿನ ಬೆಲೆ 778.17. ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇಲ್ಲ!

ಬಾಯ್ಲರ್_ಮೊಮ್ಮಗ:
ಹಾಗಾದ್ರೆ ಇನ್ನೂ ಹಳೆಯ ಲೆಕ್ಕದಲ್ಲಿ ಜೆ = 772 ಅಂತ ಸಿಕ್ಕರೆ?

ಕುಲುಮೆ:
ಆಗ ಶಾಖವನ್ನು ಕೆಲಸಕ್ಕೆ ತಿರುಗಿಸಿದ ಎಲ್ಲ ಅಂಕಿಯೂ ಸುಮಾರು 0.8% ಕಡಿಮೆ ಇರುತ್ತದೆ. 966ಕ್ಕೆ ಹೇಳಿದ್ದೇ ಇಲ್ಲಿಗೂ. ಮೂಲ ಹಾಗೇ ಇರಲಿ, ಪಕ್ಕದಲ್ಲಿ ಟಿಪ್ಪಣಿ. 1400 ಕಂಡರೆ ಮಾತ್ರ ಆ ಪುಟ ಪೌಂಡ್-ಸೆಂಟಿಗ್ರೇಡ್ ಲೆಕ್ಕದ್ದು ಅಂತ ಧೈರ್ಯವಾಗಿ ಹೇಳಬಹುದು. ಕ್ಯಾಲೆಂಡರ್ ಅನ್ನುವ ಬ್ರಿಟಿಷ್ ವಿಜ್ಞಾನಿಯ ಸ್ಟೀಮ್ ಟೇಬಲ್ ಹಾಗೇ ಇತ್ತು, ಬ್ರಿಟಿಷ್ ಪಠ್ಯ ಓದಿದ ನಮ್ಮ ಎಂಜಿನಿಯರ್‌ಗಳೂ ಅದನ್ನೇ ಹಿಡಿದಿದ್ದರು. 427 ಬಂದದ್ದು ಮೆಟ್ರಿಕ್ ಪುಸ್ತಕಗಳ ಜೊತೆ.

ಅರ್ಧ_ಡಿಗ್ರಿ:
ಒಂದು ಆಕ್ಷೇಪ ಇದೆ. ಕುಲುಮೆ ಮೇಷ್ಟ್ರು 4.1868 ಅಂತ ಒಂದೇ ಅಂಕಿ ಕೊಟ್ಟುಬಿಟ್ಟರು. ಕ್ಯಾಲೊರಿ ಒಂದಲ್ಲ. ನಾವು ಲ್ಯಾಬ್‌ನವರು 4.184 ಹಾಕುತ್ತೇವೆ, ಅದು ಥರ್ಮೋಕೆಮಿಕಲ್ ಕ್ಯಾಲೊರಿ. ನೀರನ್ನು 14.5ರಿಂದ 15.5 ಡಿಗ್ರಿಗೆ ಬಿಸಿ ಮಾಡಿದರೆ 4.1855. 0ಯಿಂದ 100ರವರೆಗೆ ಸರಾಸರಿ ತೆಗೆದರೆ 4.19. ತಾತನದ್ದು ಯಾವುದು?

ಇಷ್ಟೊಂದು ಯಾಕೆ ಅಂದರೆ ನೀರಿನ ಉಷ್ಣಧಾರಣೆ ಎಲ್ಲ ತಾಪದಲ್ಲೂ ಒಂದೇ ಇರುವುದಿಲ್ಲ. ಅಮೆರಿಕದ ರೋಲ್ಯಾಂಡ್ 1879ರಲ್ಲಿ ಅದನ್ನು ಚೆನ್ನಾಗಿ ತೋರಿಸಿದ. ಬಿಸಿ ಮಾಡುತ್ತಾ ಹೋದರೆ ಮೊದಲು ಕಡಿಮೆಯಾಗುತ್ತದೆ, ಆಮೇಲೆ ಮತ್ತೆ ಏರುತ್ತದೆ. ಆದ್ದರಿಂದ ‘ಒಂದು ಡಿಗ್ರಿ ಬಿಸಿ ಮಾಡು’ ಅಂದರೆ ಯಾವ ಡಿಗ್ರಿಯಿಂದ ಅಂತ ಕೇಳಲೇಬೇಕು.

ಕುಲುಮೆ:
ಕೇಳಬೇಕು, ನಿಜ. ಆದರೆ ಇದು ಸ್ಟೀಮ್ ಲೆಕ್ಕ. 1929ರ ಲಂಡನ್ ಸಮ್ಮೇಳನದಲ್ಲಿ ಸ್ಟೀಮ್ ಟೇಬಲ್‌ನವರು ಈ ನೀರಿನ ಜಗಳವೇ ಬೇಡ ಅಂತ ಕಿಲೋಕ್ಯಾಲೊರಿಯನ್ನು ವಿದ್ಯುತ್ತಿನಿಂದ ಕಟ್ಟಿದರು. ಕಿಲೋವಾಟ್ ಅವರ್‌ನ 860ರಲ್ಲಿ ಒಂದು ಭಾಗ ಅಂತ. 1956ರಲ್ಲಿ ಅದನ್ನೇ 4.1868 ಕಿಲೋಜೌಲ್ ಅಂತ ನಿಗದಿ ಮಾಡಿದರು. 2.326 ಹುಟ್ಟಿದ್ದೂ ಅಲ್ಲಿಂದಲೇ. ಹಾಗಾಗಿ ಬಾಯ್ಲರ್‌ಗೆ 4.1868, ನಿಮ್ಮ ಲ್ಯಾಬಿಗೆ 4.184.

ಅಷ್ಟಕ್ಕೂ ಎರಡರ ನಡುವೆ ವ್ಯತ್ಯಾಸ 0.07%. 11,500ರ ಕಲ್ಲಿದ್ದಲಿಗೆ ಅದು ಎಂಟು ಬಿ.ಟಿಎಚ್.ಯು. ಅದೇ ರಾಶಿಯಿಂದ ಇನ್ನೊಂದು ಬೊಗಸೆ ತೆಗೆದು ಅಳೆದರೆ ಇದಕ್ಕಿಂತ ಎಷ್ಟೋ ಜಾಸ್ತಿ ಏರುಪೇರು ಬರುತ್ತದೆ. ನಾಲ್ಕನೇ ದಶಾಂಶಕ್ಕೆ ಜಗಳ ಮಾಡುವ ಹೊತ್ತಿನಲ್ಲಿ ಕಲ್ಲಿದ್ದಲು ಒದ್ದೆ ಇತ್ತಾ, ಒಣಗಿತ್ತಾ ಅಂತ ನೋಡಿದರೆ ಹೆಚ್ಚು ಉಪಯೋಗ.

ಅರ್ಧ_ಡಿಗ್ರಿ:
ಅದು ಒಪ್ಪುವ ಮಾತು.

ಗ್ಯಾಸ್‌ಪೈಪ್:
ಒದ್ದೆ ಒಣಗಿದ್ದು ಅಂದಾಗ ನೆನಪಾಯಿತು. ಸಕ್ಕರೆ ಕಾರ್ಖಾನೆ ಅಂದಮೇಲೆ ಬಗಾಸ್, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ ಲೆಕ್ಕ ಇರಲೇಬೇಕು. ಗ್ರಾಸ್ ಅಂತ ಬರೆದಿದ್ದಾರಾ, ನೆಟ್ ಅಂತಾನಾ? ಈ ವ್ಯತ್ಯಾಸವನ್ನು ಯಾವ ಕನ್ವರ್ಟರ್ ಆ್ಯಪ್ ಕೂಡ ಹೇಳುವುದಿಲ್ಲ.

ಬಾಯ್ಲರ್_ಮೊಮ್ಮಗ:
‘ಸಿಪ್ಪೆ, ಒಣ, 8,300’ ಅಂತಿದೆ. ಕೆಳಗೆ ‘ಗಾಣದಿಂದ ಬಂದದ್ದು, 4,150’ ಅಂತ. ಅರ್ಧಕ್ಕರ್ಧ ಯಾಕೆ ಅಂತ ಗೊತ್ತಾಗಲಿಲ್ಲ.

ಗ್ಯಾಸ್‌ಪೈಪ್:
ಗಾಣದಿಂದ ಬರುವ ಸಿಪ್ಪೆಯಲ್ಲಿ ಅರ್ಧ ತೂಕ ನೀರು. ಸುಡುವ ವಸ್ತು ಅರ್ಧ, ಶಾಖವೂ ಅರ್ಧ. ಅವು ಪೌಂಡಿಗೆ ಬಿ.ಟಿಎಚ್.ಯು. ಲೆಕ್ಕ, 2.326ರಿಂದ ಗುಣಿಸಿದರೆ ಒಣ ಸಿಪ್ಪೆ ಕಿಲೋಗೆ 19,300 ಕಿಲೋಜೌಲ್, ಒದ್ದೆಯದ್ದು 9,650. ಎರಡೂ ಗ್ರಾಸ್. ಗ್ರಾಸ್ ಅಂದರೆ ಹೊಗೆಯಲ್ಲಿರುವ ನೀರಾವಿಯೂ ತಣ್ಣಗಾಗಿ ಮತ್ತೆ ನೀರಾಗಿ ತನ್ನ ಶಾಖ ವಾಪಸ್ ಕೊಟ್ಟಿತು ಅನ್ನುವ ಲೆಕ್ಕ. ಬಾಯ್ಲರ್‌ನಲ್ಲಿ ಹಾಗಾಗುವುದಿಲ್ಲ, ಆವಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಒಂದು ಕಿಲೋ ಒದ್ದೆ ಸಿಪ್ಪೆಯಲ್ಲಿ ಅರ್ಧ ಕಿಲೋ ನೀರು ಮೊದಲೇ ಇದೆ. ನಾರಿನೊಳಗಿನ ಹೈಡ್ರೋಜನ್ ಸುಟ್ಟು ಇನ್ನೊಂದು ಕಾಲು ಕಿಲೋಗಿಂತ ಸ್ವಲ್ಪ ಜಾಸ್ತಿ ನೀರು ಹುಟ್ಟುತ್ತದೆ. ಆ ಆವಿ ಹೊತ್ತೊಯ್ಯುವುದು ಸುಮಾರು 1,900 ಕಿಲೋಜೌಲ್. ಉಳಿಯುವ ನೆಟ್ 7,700ರ ಆಸುಪಾಸು.

ಅಂದರೆ ಒಂದೇ ಸಿಪ್ಪೆಗೆ 19,300, 9,650, 7,700 ಅಂತ ಮೂರು ಅಂಕಿ, ಮೂರೂ ಸರಿ. ಯಾವುದು ಅಂತ ಬರೆಯದೆ ಕಿಲೋಜೌಲ್‌ಗೆ ತಂದರೆ ಪ್ರಯೋಜನ ಇಲ್ಲ.

ನಮ್ಮ ಗ್ಯಾಸ್ ವ್ಯಾಪಾರದಲ್ಲೂ ಇದೇ ಪಾಡು. ಬೆಲೆ ಗೊತ್ತಾಗುವುದು ಎಂಎಂಬಿಟಿಯು ಲೆಕ್ಕದಲ್ಲಿ. ಇಲ್ಲಿ ಎಂ ಅಂದರೆ ಮೆಗಾ ಅಲ್ಲ, ರೋಮನ್ ಸಾವಿರ. ಎರಡು ಎಂ ಸೇರಿ ಹತ್ತು ಲಕ್ಷ. 1 ಎಂಎಂಬಿಟಿಯು = 1.055 ಗಿಗಾಜೌಲ್ = 2.52 ಲಕ್ಷ ಕಿಲೋಕ್ಯಾಲೊರಿ = 293 ಯೂನಿಟ್ ಕರೆಂಟ್. ಹೊಸದಾಗಿ ಸೇರಿದ ಹುಡುಗರು ಎಂಬಿಟಿಯು ಕಂಡರೆ ಮೆಗಾ ಅಂದುಕೊಂಡು ಸಾವಿರ ಪಟ್ಟು ಏರಿಸಿಬಿಡುತ್ತಾರೆ.

ರಾಯಚೂರು_ಬಿಸಿಲು:
ಥರ್ಮಲ್‌ನವರ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಇನ್ನೂ ಕಿಲೋಕ್ಯಾಲೊರಿಯೇ ನಡೆಯುತ್ತದೆ. 1948ರಲ್ಲೇ ಶಾಖದ ಯೂನಿಟ್ ಜೌಲ್ ಅಂತ ಅಂತರರಾಷ್ಟ್ರೀಯವಾಗಿ ಒಪ್ಪಿದ್ದಾರೆ, ಆದರೂ ಕಂಟ್ರೋಲ್ ರೂಮಿನಲ್ಲಿ ಯಾರೂ ಮೆಗಾಜೌಲ್ ಅನ್ನುವುದಿಲ್ಲ. ಹೀಟ್ ರೇಟ್ (ಒಂದು ಯೂನಿಟ್ ಕರೆಂಟಿಗೆ ಸುಡುವ ಕಿಲೋಕ್ಯಾಲೊರಿ) 2,450 ಅಂದರೆ 860ನ್ನು ಅದರಿಂದ ಭಾಗಿಸಿ, 35% ದಕ್ಷತೆ. ಬಾಯಲ್ಲೇ ಲೆಕ್ಕ ಆಗುತ್ತದೆ.

ಕಲ್ಲಿದ್ದಲಿನ ಗ್ರೇಡ್ ಕೂಡ ಕಿಲೋಕ್ಯಾಲೊರಿಯಲ್ಲೇ. 2012ರ ಜನವರಿಗೆ ಮುಂಚೆ ಯುಎಚ್‌ವಿ (ಯೂಸ್‌ಫುಲ್ ಹೀಟ್ ವ್ಯಾಲ್ಯೂ) ಅಂತಿತ್ತು. ಬೂದಿ ಮತ್ತು ತೇವ ಎರಡರ ಶೇಕಡಾ ಕೂಡಿಸಿ, 138ರಿಂದ ಗುಣಿಸಿ, 8,900ರಿಂದ ಕಳೆಯುವುದು. ಈಗ ಗ್ರಾಸ್ ಮೇಲೆ ಜಿ1ರಿಂದ ಜಿ17, ಜಿ1 ಎಲ್ಲಕ್ಕಿಂತ ಒಳ್ಳೆಯದು. ಹಳೆಯ ಯುಎಚ್‌ವಿ ಅಂಕಿಯನ್ನು ಗ್ರಾಸ್‌ಗೆ ತರಲು ಒಂದೇ ಗುಣಕ ಅಂತ ಇಲ್ಲ, ಬೂದಿ, ತೇವ ಎಷ್ಟಿತ್ತು ಅಂತ ಗೊತ್ತಿರಬೇಕು.

ತಾತನ 11,500ನ್ನು 1.8ರಿಂದ ಭಾಗಿಸಿದರೆ 6,389 ಕಿಲೋಕ್ಯಾಲೊರಿ. ಇವತ್ತಾದರೆ ಜಿ4, ಅದೂ ಜಿ3ರ ಹೊಸ್ತಿಲಿಗೆ ತಾಗಿಕೊಂಡು. ಅಂಥ ಕಲ್ಲಿದ್ದಲು ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ!

ಎಸಿ_ರಿಪೇರಿ:
ನಮ್ಮ ‘ಟನ್’ ಬಿಟ್ಟುಬಿಟ್ಟಿರಲ್ಲಾ. ಒಂದೂವರೆ ಟನ್ ಎಸಿ ಅಂದರೆ ಎಸಿಯ ತೂಕ ಅಂದುಕೊಳ್ಳುವವರು ಇನ್ನೂ ಸಿಗುತ್ತಾರೆ. ಒಂದು ಟನ್ ಅಂದರೆ 2,000 ಪೌಂಡ್ ಐಸ್ ಒಂದು ದಿನದಲ್ಲಿ ಕರಗಲು ಬೇಕಾದ ಶಾಖ. ಪೌಂಡಿಗೆ 144 ಬಿಟಿಯು, 24 ಗಂಟೆಯಿಂದ ಭಾಗಿಸಿದರೆ ಗಂಟೆಗೆ 12,000 ಬಿಟಿಯು, ಅಂದರೆ 3.517 ಕಿಲೋವಾಟ್.

ಕುಲುಮೆ:
ಚೆನ್ನಾಗಿ ನೆನಪಿಸಿದಿರಿ. ಇದು ಅಮೆರಿಕದ ಟನ್, 2,000 ಪೌಂಡ್. ನೋಟ್‌ಬುಕ್ಕಿನಲ್ಲಿ ಕಲ್ಲಿದ್ದಲು ‘ಟನ್’ ಅಂತಿದ್ದರೆ ಅದು ಬ್ರಿಟಿಷ್ ಟನ್, 2,240 ಪೌಂಡ್, 1,016 ಕಿಲೋ. ಸೌದೆಯನ್ನು ಮಣದಲ್ಲಿ ಬರೆದಿದ್ದರೆ ಇನ್ನೂ ಹುಷಾರು. ಬಂಗಾಳದ ಮಣ 82 ಪೌಂಡಿನ ಮೇಲೆ, ಬೊಂಬಾಯಿಯದ್ದು 28, ಮದರಾಸಿನದ್ದು 25. ಎಷ್ಟು ಪೌಂಡಿನ ಮಣ ಅಂತ ಗೊತ್ತಾಗದೆ ಸೌದೆಯ ಶಾಖ ಲೆಕ್ಕ ಹಾಕಿದರೆ ಮೂರು ಪಟ್ಟು ಆಚೀಚೆ ಆಗಬಹುದು. ಅದರ ಮುಂದೆ ಕ್ಯಾಲೊರಿಯ ದಶಾಂಶ ಯಾವ ಲೆಕ್ಕ?

ಬಾಯ್ಲರ್_ಮೊಮ್ಮಗ:
ಮಣ ಇದೆ ಮೇಷ್ಟ್ರೇ. ಅದೃಷ್ಟಕ್ಕೆ ಒಂದು ಕಡೆ ‘40 ಸೇರು’ ಅಂತಲೂ ಬರೆದಿದ್ದಾರೆ.

ಕುಲುಮೆ:
ಹಾಗಿದ್ದರೆ ದೊಡ್ಡ ಮಣ ಇರಬಹುದು, 37.3 ಕಿಲೋ. ಆದರೂ ಸೇರೂ ಊರೂರಿಗೆ ಬೇರೆ ಇತ್ತು. ಗಾಡಿ ಲೆಕ್ಕ ಎಲ್ಲಾದರೂ ಸಿಕ್ಕರೆ ತಾಳೆ ನೋಡಿ.

ಬಾಯ್ಲರ್_ಮೊಮ್ಮಗ:
ಸರಿ, ಮೂರು ಪುಟ ಮುಗಿಸಿದೆ. ಎಕ್ಸೆಲ್‌ನಲ್ಲಿ ಮೂಲ ಅಂಕಿಗೆ ಒಂದು ಕಾಲಂ, ಕಿಲೋಜೌಲ್‌ಗೆ ಒಂದು, ‘ಒಣ/ಒದ್ದೆ, ಗ್ರಾಸ್/ನೆಟ್’ ಅಂತ ಇನ್ನೊಂದು, ಟಿಪ್ಪಣಿಗೆ ಕೊನೆಯದು. ಈಗ ಇನ್ನೊಂದು ಸಿಕ್ಕಿದೆ. ‘ನಂ. 2, 150 ಬಿ.ಎಚ್.ಪಿ.’ ಅಂತ. ಹಾರ್ಸ್ ಪವರ್ ಅಂದರೆ 0.746 ಕಿಲೋವಾಟ್ ಅಲ್ವಾ? 112 ಕಿಲೋವಾಟ್ ಅಂತ ಹಾಕಲಾ?

ಕುಲುಮೆ:
ಹಾಕಬೇಡಿ! ಆ ನಂ. 2 ಎಂಜಿನ್ನಾ, ಬಾಯ್ಲರ್ರಾ? ಎಂಜಿನ್ ಆದರೆ ಬ್ರೇಕ್ ಹಾರ್ಸ್ ಪವರ್, ನಿಮ್ಮ 112 ಸರಿ. ಬಾಯ್ಲರ್ ಆದರೆ ಬಾಯ್ಲರ್ ಹಾರ್ಸ್ ಪವರ್ ಇರಬಹುದು, ಅದು ಅಮೆರಿಕದವರ ಅಳತೆ. ಗಂಟೆಗೆ 34.5 ಪೌಂಡ್ ನೀರನ್ನು ಅದೇ ‘ಫ್ರಮ್ ಅಂಡ್ ಅಟ್ 212’ರಲ್ಲಿ ಉಗಿ ಮಾಡಿದರೆ ಒಂದು. ಅದು 9.81 ಕಿಲೋವಾಟ್ ಶಾಖ, ನಿಮ್ಮ 0.746ರ ಹದಿಮೂರು ಪಟ್ಟು. 150ಕ್ಕೆ 1,470 ಕಿಲೋವಾಟ್ ಆಗುತ್ತದೆ. ಅದೇ ಸಾಲಿನಲ್ಲಿ ಆರ್‌ಪಿಎಂ ಇದೆಯಾ, ಹೀಟಿಂಗ್ ಸರ್ಫೇಸ್ (ಶಾಖ ತಾಗುವ ಮೈ) ಚದರ ಅಡಿ ಇದೆಯಾ ನೋಡಿ.

ಬಾಯ್ಲರ್_ಮೊಮ್ಮಗ:
‘ಎಚ್.ಎಸ್. 1,500 ಚ.ಅ.’ ಅಂತಿದೆ.

ಕುಲುಮೆ:
ಬಾಯ್ಲರ್ರೇ. ಒಂದು ಹಾರ್ಸ್ ಪವರ್‌ಗೆ 10 ಚದರ ಅಡಿ ಅಂತ ಹಿಡಿಯುವುದು ಹಳೆಯ ವಾಡಿಕೆ, ನಿಮ್ಮದು ಸರಿಯಾಗಿ ಕೂತಿದೆ. 1,470 ಬರೆಯಿರಿ, ಟಿಪ್ಪಣಿಯಲ್ಲಿ ‘ಶಾಖ, ಶಾಫ್ಟಿನ ಶಕ್ತಿ ಅಲ್ಲ’ ಅಂತ ಸೇರಿಸಿ. ಮುಂದಿನ ಪುಟದ ಫೋಟೋ ಹಾಕಿ, ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದದ್ದೂ ಕಾಣುವ ಹಾಗೆ.